ಟಿಕೆಟ್ಟಿನ ಸಾಲು, ಪ್ರತಿಭಟನೆಯ ಸಾಲು

ಹಳೆಯ ಚಲನಚಿತ್ರವೊಂದನ್ನು ಯಾರಾದರೂ ಟೀಕಿಸಿದರೆ ಕೂಡಲೇ ಒಂದು ಉತ್ತರ ಬರುತ್ತದೆ: ‘ಆ ಕಾಲವೇ ಹಾಗಿತ್ತು, ಇಂದಿನ ಅಳತೆಗೋಲಿನಿಂದ ಅಂದಿನದನ್ನು ಅಳೆಯಬಾರದು.’ ನೀವೂ ಈ ಮಾತನ್ನು ತರಗತಿಯಲ್ಲಿ ಕೇಳಿರುತ್ತೀರಿ, ಬಹುಶಃ ಆಡಿಯೂ ಇರುತ್ತೀರಿ. ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಆ ಕಾಲದ ಜನರೆಲ್ಲರೂ ಒಂದೇ ರೀತಿ ಯೋಚಿಸುತ್ತಿದ್ದರೆ? ಈ ಪ್ರಶ್ನೆಯನ್ನು ಇಟ್ಟುಕೊಂಡು 1939ರ ಹಾಲಿವುಡ್ ಪ್ರೇಮಕಥೆ ‘ಗಾನ್ ವಿತ್ ದಿ ವಿಂಡ್’ ಚಿತ್ರದ ಕಡೆ ನೋಡೋಣ.

ಮಾರ್ಗರೆಟ್ ಮಿಚೆಲ್ ಅವರ ಕಾದಂಬರಿ ಪ್ರಕಟವಾದದ್ದು 1936ರಲ್ಲಿ. ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ ಬಂತು. ಕಥೆ ಅಮೆರಿಕದ ಜಾರ್ಜಿಯ ರಾಜ್ಯದ ಹತ್ತಿ ತೋಟಗಳದು, 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ್ದು. ತೋಟದ ಮಾಲೀಕನ ಮಗಳು ಸ್ಕಾರ್ಲೆಟ್ ಒಬ್ಬನನ್ನು ಬಯಸುತ್ತಾಳೆ, ಆತ ಇನ್ನೊಬ್ಬಳನ್ನು ಮದುವೆಯಾಗುತ್ತಾನೆ. ಅವಳನ್ನು ಪ್ರೀತಿಸಿದ ರೆಟ್ ಬಟ್ಲರನ ಬೆಲೆ ಅವಳಿಗೆ ತಿಳಿಯುವ ಹೊತ್ತಿಗೆ ಆತ ಬಾಗಿಲು ದಾಟಿರುತ್ತಾನೆ. ಸ್ಕಾರ್ಲೆಟ್ ಪಾತ್ರ ವಹಿಸಿದ ವಿವಿಯನ್ ಲೀ ಹುಟ್ಟಿದ್ದು ನಮ್ಮ ಡಾರ್ಜಿಲಿಂಗ್‌ನಲ್ಲಿ, 1913ರಲ್ಲಿ.

ವಿಜ್ಞಾನ ಓದಿ ಬಂದ ನನಗೆ ಈ ಚಿತ್ರದ ಕ್ಯಾಮೆರಾ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಂದಿನ ಟೆಕ್ನಿಕಲರ್ ಕ್ಯಾಮೆರಾದೊಳಗೆ ಪಟ್ಟಕವೊಂದು ಬೆಳಕನ್ನು ಒಡೆದು, ಕೆಂಪು, ಹಸಿರು, ನೀಲಿ ಅಂಶಗಳನ್ನು ಮೂರು ಬೇರೆ ಬೇರೆ ಕಪ್ಪು-ಬಿಳುಪು ಫಿಲ್ಮುಗಳ ಮೇಲೆ ದಾಖಲಿಸುತ್ತಿತ್ತು. ಹೀಗೆ ಹಂಚಿಹೋಗುವ ಬೆಳಕು ಸಾಲದೆ ಸೆಟ್ಟಿನ ಮೇಲೆ ದೀಪಗಳ ಮಳೆಯನ್ನೇ ಸುರಿಸಬೇಕಿತ್ತು. ಅಟ್ಲಾಂಟ ನಗರ ಉರಿಯುವ ದೃಶ್ಯವನ್ನು ಚಿತ್ರೀಕರಿಸಿದ್ದು 1938ರ ಡಿಸೆಂಬರ್ 10ರ ರಾತ್ರಿ. ಸ್ಟುಡಿಯೋದಲ್ಲಿ ಉಳಿದಿದ್ದ ಹಳೆಯ ಸೆಟ್ಟುಗಳಿಗೇ ಬೆಂಕಿ ಹಚ್ಚಿದರು. ಇಂದಿಗೂ ಆ ಕೆಂಪು ಕಣ್ಣಿಗೆ ಕಟ್ಟುತ್ತದೆ. ಚಿತ್ರವನ್ನು ಮೆಚ್ಚಿದವರು ಸುಮ್ಮನೆ ಮರುಳಾದವರಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು.

ಇನ್ನು ಇದರ ಮತ್ತೊಂದು ಮುಖ. ಅಂತರ್ಯುದ್ಧದ ಹೊಸ್ತಿಲಲ್ಲಿ, ಅಂದರೆ 1860ರಲ್ಲಿ, ಅಮೆರಿಕದಲ್ಲಿ ಸುಮಾರು 40 ಲಕ್ಷ ಕಪ್ಪು ಜನರು ಗುಲಾಮರಾಗಿದ್ದರು. ಮಾರಬಹುದಾದ, ಕೊಳ್ಳಬಹುದಾದ, ತಾಯಿಯಿಂದ ಮಗುವನ್ನು ಬೇರ್ಪಡಿಸಿ ಸಾಗಿಸಬಹುದಾದ ಆಸ್ತಿ ಅವರು. ಹತ್ತಿ ತೋಟದ ಸಿರಿ ನಿಂತಿದ್ದು ಅವರ ಬೆನ್ನಿನ ಮೇಲೆ. ಚಿತ್ರದಲ್ಲಾದರೋ ಅವರು ಒಡೆಯರಿಗೆ ನಿಷ್ಠರು, ಸಂತುಷ್ಟರು, ಆಗಾಗ ನಗಿಸುವವರು. ಗುಲಾಮಗಿರಿಯ ಆ ಲೋಕವನ್ನು ಗಾಳಿಯಲ್ಲಿ ತೂರಿಹೋದ ಸುಂದರ ಕನಸೆಂದೇ ಚಿತ್ರ ಪರಿಚಯಿಸುತ್ತದೆ.

1939ರ ಡಿಸೆಂಬರ್ 15ರಂದು ಅಟ್ಲಾಂಟದಲ್ಲಿ ಮೊದಲ ಪ್ರದರ್ಶನ. ನಗರಕ್ಕೆ ನಗರವೇ ಹಬ್ಬ ಮಾಡಿತು. ಹಿಂದಿನ ರಾತ್ರಿಯ ಔತಣಕೂಟದಲ್ಲಿ ಬಿಳಿಯ ಅತಿಥಿಗಳೆದುರು ಹಾಡಲು ಕಪ್ಪು ಜನರ ಚರ್ಚೊಂದರ ಗಾಯನ ತಂಡವನ್ನು ಗುಲಾಮರ ವೇಷ ತೊಡಿಸಿ ನಿಲ್ಲಿಸಿದ್ದರು. ಆ ತಂಡದಲ್ಲಿ ಹತ್ತು ವರ್ಷದ ಹುಡುಗನೊಬ್ಬನಿದ್ದ. ಹೆಸರು ಮಾರ್ಟಿನ್ ಲೂಥರ್ ಕಿಂಗ್. ಜನಾಂಗ ಪ್ರತ್ಯೇಕತೆಯ ಆ ಊರಿನಲ್ಲಿ ಚಿತ್ರದ ಕಪ್ಪು ನಟನಟಿಯರಿಗೆ ಪ್ರದರ್ಶನದಲ್ಲಿ ಜಾಗವಿರಲಿಲ್ಲ. ಮ್ಯಾಮಿಯ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡ್ಯಾನಿಯಲ್ ಹೋಗಲಿಲ್ಲ. ಆಕೆಯ ತಂದೆ ಗುಲಾಮರಾಗಿ ಹುಟ್ಟಿ, ಅದೇ ಯುದ್ಧದಲ್ಲಿ ಉತ್ತರದ ಸೈನ್ಯ ಸೇರಿ ಹೋರಾಡಿದವರು.

ಈಗ ಮೊದಲ ಪ್ರಶ್ನೆಗೆ ಬನ್ನಿ. ವಿರೋಧ ಶುರುವಾದದ್ದು ಚಿತ್ರ ತೆರೆಗೆ ಬರುವ ಮುಂಚೆಯೇ. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ವಾಲ್ಟರ್ ವೈಟ್ ಅವರು ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್‌ಗೆ ಪತ್ರ ಬರೆದರು. ಫಲವೂ ಸಿಕ್ಕಿತು: ಕಾದಂಬರಿಯಲ್ಲಿದ್ದ ಹೀನ ಬೈಗುಳವನ್ನು, ಕು ಕ್ಲಕ್ಸ್ ಕ್ಲಾನ್ ಎಂಬ ಹಿಂಸಾಕೂಟದ ಹೆಸರನ್ನು ಚಿತ್ರದಿಂದ ತೆಗೆದುಹಾಕಿದರು. ಚಿತ್ರ ಬಿಡುಗಡೆಯಾದ ಮೇಲೆ ಹಲವು ನಗರಗಳಲ್ಲಿ ಥಿಯೇಟರಿನ ಮುಂದೆ ಟಿಕೆಟ್ಟಿಗೆ ಒಂದು ಸಾಲು, ಫಲಕ ಹಿಡಿದವರದು ಮತ್ತೊಂದು ಸಾಲು. ಕಪ್ಪು ನಾಟಕಕಾರ ಕಾರ್ಲ್‌ಟನ್ ಮಾಸ್ 1940ರ ಆರಂಭದಲ್ಲೇ ಸೆಲ್ಜ್‌ನಿಕ್‌ಗೆ ಬಹಿರಂಗ ಪತ್ರ ಬರೆದರು. ಕವಿ ಮೆಲ್ವಿನ್ ಟಾಲ್ಸನ್ ವಾದ ಇನ್ನೂ ಹರಿತವಾದದ್ದು: 1915ರ ‘ದಿ ಬರ್ತ್ ಆಫ್ ಎ ನೇಷನ್’ ಬಹಿರಂಗವಾಗಿ ಸುಳ್ಳು ಹೇಳುವ ಚಿತ್ರ, ಅದನ್ನು ಯಾರು ಬೇಕಾದರೂ ಗುರುತಿಸಬಹುದು, ಇದು ನಯವಾದ ಸುಳ್ಳು, ನಿಜವೆಂದೇ ಜನ ನುಂಗುತ್ತಾರೆ, ಆದ್ದರಿಂದ ಹೆಚ್ಚು ಅಪಾಯಕಾರಿ. ಇವೆಲ್ಲ ಅಂದಿನವರೇ, ಅಂದೇ ಆಡಿದ ಮಾತುಗಳು ಎಂಬುದನ್ನು ಗಮನಿಸಿ.

ಕಪ್ಪು ಪ್ರೇಕ್ಷಕರಲ್ಲೂ ಒಮ್ಮತವಿರಲಿಲ್ಲ. 1940ರ ಫೆಬ್ರವರಿ 29ರಂದು ಮೆಕ್‌ಡ್ಯಾನಿಯಲ್ ಅತ್ಯುತ್ತಮ ಪೋಷಕ ನಟಿಯಾಗಿ ಆಸ್ಕರ್ ಪಡೆದರು; ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಕಲಾವಿದೆ. ಸಮಾರಂಭದಲ್ಲಿ ಆಕೆಯನ್ನು ಸಹನಟರಿಂದ ದೂರ, ಬೇರೆ ಮೇಜಿನಲ್ಲಿ ಕೂರಿಸಿದ್ದರು. ಹೆಮ್ಮೆಪಟ್ಟವರಿದ್ದರು, ಮತ್ತೆ ಮನೆಗೆಲಸದವಳ ಪಾತ್ರವೇ ಎಂದು ನೊಂದವರಿದ್ದರು. ಇಬ್ಬರದೂ ಸರಿಯೆಂದೇ ನನಗೆ ತೋರುತ್ತದೆ. ಮಿಷಿಗನ್ ರಾಜ್ಯದ ಪುಟ್ಟ ಊರೊಂದರ ಥಿಯೇಟರಿನಲ್ಲಿ ತಾನೊಬ್ಬನೇ ಕಪ್ಪು ಪ್ರೇಕ್ಷಕನಾಗಿ ಕುಳಿತು ಈ ಚಿತ್ರ ನೋಡಿದ್ದನ್ನು ಮಾಲ್ಕಮ್ ಎಕ್ಸ್ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಬೆದರುವ, ಕಿರುಚುವ ಪ್ರಿಸ್ಸಿ ತೆರೆಯ ಮೇಲೆ ಬಂದಾಗ ಆ ಹುಡುಗನಿಗೆ ನಾಚಿಕೆಯಿಂದ ಅಡಗಿಕೊಳ್ಳಬೇಕೆನಿಸಿತಂತೆ. ಸುತ್ತಲಿನವರಿಗೆ ಅದು ನಗೆಯ ದೃಶ್ಯ.

ಅತ್ತ ಲಂಡನ್ನಿನಲ್ಲಿ ಮೇಲಿಂದ ಬಾಂಬು ಬೀಳುತ್ತಿದ್ದ ವರ್ಷಗಳಲ್ಲೂ ಇದೇ ಚಿತ್ರ ಓಡಿತು. ನಗರ ಉರಿಯುವುದು, ಊಟಕ್ಕೆ ಪರದಾಡುವುದು ಆ ಪ್ರೇಕ್ಷಕರಿಗೆ ಕಥೆಯಾಗಿರಲಿಲ್ಲ. ಸಂಶೋಧಕಿ ಹೆಲೆನ್ ಟೇಲರ್ ಮಹಿಳಾ ಪ್ರೇಕ್ಷಕರ ಅನಿಸಿಕೆಗಳನ್ನು ಕಲೆಹಾಕಿ 1989ರಲ್ಲಿ ಪುಸ್ತಕವನ್ನೇ ಬರೆದರು. ಹಸಿದ ಮನೆಯನ್ನು ತಾನೇ ಎತ್ತಿನಿಲ್ಲಿಸುವ ಸ್ಕಾರ್ಲೆಟ್ ಅನೇಕ ಹೆಂಗಸರಿಗೆ ಧೈರ್ಯದ ಗುರುತು. ಆದರೆ ರೆಟ್ ಅವಳನ್ನು ಬಲವಂತವಾಗಿ ಎತ್ತಿಕೊಂಡು ಮೆಟ್ಟಿಲೇರುವ ದೃಶ್ಯ? ಪ್ರಣಯವೆಂದವರೂ ಇದ್ದಾರೆ, ಅತ್ಯಾಚಾರವೆಂದವರೂ ಇದ್ದಾರೆ. ಮರುದಿನ ಬೆಳಿಗ್ಗೆ ಸ್ಕಾರ್ಲೆಟ್ ಸಂತೋಷದಿಂದ ನಗುವಂತೆ ತೋರಿಸಿದ್ದು ಚಿತ್ರ ಮಾಡಿದವರ ಅನುಕೂಲಕ್ಕೆ ಎಂದು ನನ್ನ ಅಭಿಪ್ರಾಯ.

ದೂರದರ್ಶನದ ಕೆಲಸದಲ್ಲಿರುವ ನನಗೆ ಅತ್ಯಂತ ಕುತೂಹಲದ ಘಟ್ಟ ಬೇರೆಯೇ. 1976ರ ನವೆಂಬರ್ 7 ಮತ್ತು 8ರಂದು ಅಮೆರಿಕದ ಎನ್‌ಬಿಸಿ ಈ ಚಿತ್ರವನ್ನು ಎರಡು ರಾತ್ರಿ ಪ್ರಸಾರ ಮಾಡಿತು. ಟಿ.ವಿ. ಇದ್ದ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಅದನ್ನು ನೋಡಿದವು. ಮರುಜನವರಿಯಲ್ಲಿ ಎಬಿಸಿ ‘ರೂಟ್ಸ್’ ಧಾರಾವಾಹಿಯನ್ನು ಸತತ ಎಂಟು ರಾತ್ರಿ ತೋರಿಸಿತು. ಅದು ಆಫ್ರಿಕದಿಂದ ಸರಪಳಿಯಲ್ಲಿ ತಂದ ಯುವಕನೊಬ್ಬನ ವಂಶದ ಕಥೆ. ಕೊನೆಯ ಕಂತಿಗೆ ಅರ್ಧಕ್ಕಿಂತಲೂ ತುಸು ಹೆಚ್ಚು ಮನೆಗಳು ಕಾದು ಕುಳಿತವು. ಎರಡನ್ನೂ ನೋಡಿದ ಮನೆಗಳು ಸಾಕಷ್ಟಿದ್ದಿರಬಹುದು.

2020ರ ಜೂನ್‌ನಲ್ಲಿ, ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಬಳಿಕ, ಎಚ್‌ಬಿಒ ಮ್ಯಾಕ್ಸ್ ಈ ಚಿತ್ರವನ್ನು ಕೆಲವು ದಿನ ಹಿಂದೆಗೆದುಕೊಂಡಿತು. ಇತಿಹಾಸವನ್ನೇ ಅಳಿಸುತ್ತಿದ್ದಾರೆಂದು ಒಂದು ಗುಂಪು ಕೂಗಿತು, ತಡವಾಗಿಯಾದರೂ ಆಯಿತೆಂದು ಇನ್ನೊಂದು. ಸುಮಾರು ಎರಡು ವಾರಗಳಲ್ಲಿ ಚಿತ್ರ ಮರಳಿ ಬಂತು, ಒಂದು ಫ್ರೇಮೂ ಕತ್ತರಿಸದೆ. ಮೊದಲಲ್ಲಿ ಚಲನಚಿತ್ರ ವಿದ್ವಾಂಸೆ ಜಾಕ್ವೆಲಿನ್ ಸ್ಟೂವರ್ಟ್ ಅವರ ಕಿರು ಪರಿಚಯ ಸೇರಿತ್ತು. ಕತ್ತರಿಗಿಂತ ಇದು ಒಳ್ಳೆಯ ದಾರಿ ಎನ್ನುವವನು ನಾನು.

ನೀವು ಈ ಚಿತ್ರ ನೋಡುವುದಾದರೆ ಕೊನೆಯ ಭಾಗದಲ್ಲಿ ಮ್ಯಾಮಿ ಅಳುತ್ತಾ ಮೆಟ್ಟಿಲೇರುವ ದೃಶ್ಯವನ್ನು ತಾಳ್ಮೆಯಿಂದ ನೋಡಿ. ತೀರಿಹೋದ ಯಜಮಾನರ ಮಗುವಿಗಾಗಿ ಮೆಕ್‌ಡ್ಯಾನಿಯಲ್ ಅಲ್ಲಿ ತೋರುವ ದುಃಖ ಎಂಥವರನ್ನೂ ಕರಗಿಸುತ್ತದೆ. ಆಮೇಲೆ ಚಿತ್ರವನ್ನು ಹಿಂದಕ್ಕೆ ತಿರುಗಿಸಿ, ಈ ಹೆಂಗಸಿಗೆ ತನ್ನದೇ ಮಗುವೊಂದು ಇತ್ತೇ, ಅವಳ ನಿಜವಾದ ಹೆಸರೇನು ಎಂದು ಎಲ್ಲಾದರೂ ಹೇಳಿದ್ದಾರೆಯೇ ಹುಡುಕಿ.