ಕಾದು ಕೂತ ಹರಳು

ಪೆರೋವ್‌ಸ್ಕೈಟ್ ಎಂಬ ಹೆಸರು ಮೊದಲು ಬಂದದ್ದು ಒಂದು ಖನಿಜಕ್ಕೆ. ರಷ್ಯಾದ ಯುರಲ್ ಪರ್ವತಗಳಲ್ಲಿ ಸಿಕ್ಕ ಕ್ಯಾಲ್ಸಿಯಂ ಟೈಟನೇಟನ್ನು 1839ರಲ್ಲಿ ಬರ್ಲಿನ್ನಿನ ಗುಸ್ತಾವ್ ರೋಸ್ ವಿವರಿಸಿ, ಖನಿಜಗಳಲ್ಲಿ ಆಸಕ್ತಿಯಿದ್ದ ರಷ್ಯಾದ ಅಧಿಕಾರಿ ಲೆವ್ ಪೆರೋವ್‌ಸ್ಕಿಯ ಹೆಸರಿಟ್ಟರು. ಮುಂದೆ ಅದೇ ಬಗೆಯ ಪರಮಾಣು ಜೋಡಣೆಯಿರುವ ಹರಳುಗಳಿಗೆಲ್ಲ ಆ ಹೆಸರು ಅಂಟಿಕೊಂಡಿತು. ಇಂದು ಲೇಸರ್ ಹೊಮ್ಮಿಸುವ ಹ್ಯಾಲೈಡ್ ಪೆರೋವ್‌ಸ್ಕೈಟುಗಳಲ್ಲಿ ಕ್ಯಾಲ್ಸಿಯಮ್ಮೂ ಇಲ್ಲ, ಟೈಟಾನಿಯಮ್ಮೂ ಇಲ್ಲ. ಹೆಚ್ಚಾಗಿ ಸೀಸವಿದೆ, ಅದರ ಸುತ್ತ ಕ್ಲೋರಿನ್, ಬ್ರೋಮಿನ್ ಅಥವಾ ಅಯೋಡಿನ್.

ಈ ಲವಣಗಳೂ ಹಳೆಯವೇ. ಅಮೆರಿಕದ ಯೇಲ್‌ನಲ್ಲಿ ಎಚ್. ಎಲ್. ವೆಲ್ಸ್ 1893ರಲ್ಲೇ ಸೀಸಿಯಂ ಮತ್ತು ಸೀಸದ ಹ್ಯಾಲೈಡುಗಳನ್ನು ದ್ರಾವಣದಿಂದ ಹರಳುಗಟ್ಟಿಸಿದ್ದರು. ಅವರಿಗೆ ಬೇಕಿದ್ದದ್ದು ಯಾವ ಧಾತು ಎಷ್ಟು ಪಾಲಿದೆ ಎಂಬ ಲೆಕ್ಕ. 1958ರಲ್ಲಿ ಕೋಪನ್‌ಹೇಗನ್ನಿನ ಕ್ರಿಶ್ಚಿಯನ್ ಮೊಲ್ಲರ್ ಇವುಗಳ ರಚನೆ ಪೆರೋವ್‌ಸ್ಕೈಟಿನದೆಂದು ತೋರಿಸಿದರು. ಬೆಳಕು ಬಿದ್ದಾಗ ಇವುಗಳಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದನ್ನೂ ಗುರುತಿಸಿದರು. 1978ರಲ್ಲಿ ಜರ್ಮನಿಯ ಡೀಟರ್ ವೇಬರ್ ಸೀಸಿಯಮ್ಮಿನ ಜಾಗದಲ್ಲಿ ಮೀಥೈಲ್‌ಅಮೋನಿಯಂ ಕೂರಿಸಿದರು. 1998ರಲ್ಲಿ ಜಪಾನಿನ ಸಂಶೋಧಕರು ಪದರಪದರವಾದ ಇಂಥದೊಂದು ಹರಳಿನಿಂದ ಲೇಸರನ್ನೇ ಪಡೆದರು, ಆದರೆ ಅತಿ ಶೀತದಲ್ಲಿ.

ಗಮನ ಇತ್ತ ತಿರುಗಿದ್ದು ಸೌರಕೋಶದಿಂದ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ತಂಡ ವೇಬರ್ ವಿವರಿಸಿದ್ದ ಲವಣಗಳನ್ನೇ ಬಳಸಿ ಬಿಸಿಲಿನ ಶೇ. 3.8ರಷ್ಟನ್ನು ವಿದ್ಯುತ್ತಾಗಿಸಿತು. ಕೆಲವೇ ವರ್ಷಗಳಲ್ಲಿ ಆ ದಕ್ಷತೆ ಹಲವು ಪಟ್ಟು ಏರಿತು. ಕಾರಣ, ಬೆಳಕು ಎಬ್ಬಿಸಿದ ಎಲೆಕ್ಟ್ರಾನುಗಳು ಇಲ್ಲಿ ಸುಲಭಕ್ಕೆ ಶಾಖವಾಗಿ ಸೋರಿಹೋಗುವುದಿಲ್ಲ. ಅಂಥ ಎಲೆಕ್ಟ್ರಾನುಗಳನ್ನು ತಂತಿಗೆ ಸೆಳೆಯದೆ ಬಿಟ್ಟರೆ ಅವು ಕೆಳಗಿಳಿಯುತ್ತ ಬೆಳಕನ್ನೇ ಮರಳಿಸುತ್ತವೆ. ಒಳ್ಳೆಯ ಸೌರಕೋಶದ ವಸ್ತು ಒಳ್ಳೆಯ ದೀಪವೂ ಆಗಬಲ್ಲದು. 2014ರಲ್ಲಿ ಸಿಂಗಪುರ ಮತ್ತು ಕೇಂಬ್ರಿಜ್ ತಂಡಗಳು ದ್ರಾವಣದಿಂದ ಮಾಡಿದ ತೆಳುಪದರಗಳ ಮೇಲೆ ಇನ್ನೊಂದು ಲೇಸರಿನ ಬೆಳಕು ಹಾಯಿಸಿ, ಕೋಣೆಯ ಉಷ್ಣತೆಯಲ್ಲೇ ಲೇಸರ್ ಪಡೆದವು. ಮರುವರ್ಷ ಕೊಲಂಬಿಯಾ ಮತ್ತು ವಿಸ್ಕಾನ್ಸಿನ್ ಸಂಶೋಧಕರ ನ್ಯಾನೊತಂತಿಗಳಲ್ಲಿ ಹರಳಿನ ನುಣುಪಾದ ಎರಡು ತುದಿಗಳೇ ಕನ್ನಡಿಗಳಾದವು. ಬ್ರೋಮಿನ್ ಇದ್ದರೆ ಹಸಿರು, ಅಯೋಡಿನ್ ಹೆಚ್ಚಿದಂತೆ ಕೆಂಪಿನತ್ತ: ಬೆರಕೆ ಬದಲಿಸಿದರೆ ಬಣ್ಣ ಬದಲಾಗುತ್ತದೆ.

ತೊಡಕುಗಳು ಮುಗಿದಿಲ್ಲ. ಸೀಸ ವಿಷ, ತೇವ ತಾಗಿದರೆ ಹರಳು ಕೆಡುತ್ತದೆ.

‘ಇದರಿಂದ ಏನು ಪ್ರಯೋಜನ?’ ಎಂಬುದು ನಮ್ಮಂಥ ಸಂಶೋಧನಾ ವಿದ್ಯಾರ್ಥಿಗಳಿಗೆ ಮನೆಯಲ್ಲೂ ಸಂದರ್ಶನದಲ್ಲೂ ಎದುರಾಗುವ ಪ್ರಶ್ನೆ. 1893ರಲ್ಲಿ ವೆಲ್ಸ್ ಅವರನ್ನು ಯಾರಾದರೂ ಹೀಗೆ ಕೇಳಿದ್ದರೆ ‘ಲೇಸರ್’ ಎನ್ನಲು ಆಗುತ್ತಿರಲಿಲ್ಲ. ಮೊದಲ ಲೇಸರ್ ಬೆಳಗಿದ್ದೇ 1960ರಲ್ಲಿ. ಅವರು ಮಾಡಿದ್ದು ಇಷ್ಟೇ: ಹರಳು ಬೆಳೆಸಿದರು, ಅಳೆದರು, ಬರೆದಿಟ್ಟರು.