ಉಪ್ಪಿನಲ್ಲಿ ಬಂದ ಬುದ್ಧಿ

ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಕಡೆಯ ತಾಯಂದಿರು ಕೇಳುವುದು ಒಂದೇ ಪ್ರಶ್ನೆ: "ಸಿಸ್ಟರ್, ಮಗನ ನೆನಪಿನ ಶಕ್ತಿಗೆ ಏನು ಕೊಡಬಹುದು?" ಕೊಪ್ಪ, ಶೃಂಗೇರಿ ಸೀಮೆಯ ಹಳ್ಳಿಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದ ನನ್ನನ್ನು ಈ ಪ್ರಶ್ನೆ ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ತೋಟದ ಬದುವಿನಿಂದ ಒಂದೆಲಗ ಕಿತ್ತು ತಂಬುಳಿ ಮಾಡುವವರಿದ್ದಾರೆ, ಪೇಟೆಯಿಂದ ಟಾನಿಕ್ ತರಿಸುವವರಿದ್ದಾರೆ, ರಾತ್ರಿ ಬಾದಾಮಿ ನೆನೆಹಾಕುವವರಿದ್ದಾರೆ. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೂ ನಾನು ಮೊದಲು ಕೇಳುವುದು, "ಮನೆಗೆ ಯಾವ ಉಪ್ಪು ತರ್ತೀರಿ?" ಎಂದು. ಇಡೀ ಸೀಮೆಯ ಮಕ್ಕಳ ಬುದ್ಧಿಯನ್ನು ಕಾಪಾಡಿದ್ದು ಎಂದು ಚರಿತ್ರೆಯಲ್ಲಿ ಸಾಬೀತಾದ ಪೋಷಕಾಂಶ ಅಯೋಡಿನ್. ಅದು ಬಂದದ್ದು ಉಪ್ಪಿನ ದಾರಿಯಲ್ಲಿ. ಆ ದಾರಿಯ ಕಥೆ ಪ್ರತಿ ಮನೆಗೂ ಗೊತ್ತಿರಬೇಕೆಂಬುದು ನನ್ನ ಹಂಬಲ.

ನಮ್ಮ ಗಂಟಲ ಬುಡದಲ್ಲಿರುವ ಥೈರಾಯ್ಡ್ ಗ್ರಂಥಿ ಅಯೋಡಿನ್ ಬಳಸಿ ಹಾರ್ಮೋನ್ ತಯಾರಿಸುತ್ತದೆ. ಗರ್ಭದಲ್ಲಿರುವ ಮಗುವಿನ ನರಕೋಶಗಳು ತಮ್ಮ ತಮ್ಮ ಜಾಗಕ್ಕೆ ಸರಿದು ಸೇರಲು, ಒಂದಕ್ಕೊಂದು ಹೆಣೆದುಕೊಳ್ಳಲು ಈ ಹಾರ್ಮೋನ್ ಬೇಕೇ ಬೇಕು. ಮೊದಲ ಮೂರು ತಿಂಗಳು ಮಗುವಿಗೆ ಸ್ವಂತ ಹಾರ್ಮೋನ್ ಇರುವುದಿಲ್ಲ, ತಾಯಿಯದೇ ಆಧಾರ. ತಾಯಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಮಗು ಕಿವುಡು, ಮೂಕತನ, ಕೈಕಾಲುಗಳ ಬಿಗಿತ, ಬುದ್ಧಿಮಾಂದ್ಯ ಹೊತ್ತು ಹುಟ್ಟಬಹುದು. ಇದನ್ನೇ ವೈದ್ಯರು ಕ್ರೆಟಿನಿಸಂ ಎನ್ನುತ್ತಾರೆ. ಕೊರತೆ ಅಷ್ಟು ತೀವ್ರವಲ್ಲದಿದ್ದರೆ ಮಗು ಓಡಾಡಿಕೊಂಡು ಚೆನ್ನಾಗಿಯೇ ಕಾಣುತ್ತದೆ, ಕಲಿಕೆಯಲ್ಲಿ ಮಾತ್ರ ಹಿಂದೆ ಬೀಳುತ್ತದೆ. ಕೊರತೆ ಇದ್ದ, ಇಲ್ಲದ ಪ್ರದೇಶಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 1994ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಬುದ್ಧಿಮಾಪನದಲ್ಲಿ ಸರಾಸರಿ 13.5 ಅಂಕಗಳ ಅಂತರ ಕಂಡಿತು. ಇಷ್ಟು ದೊಡ್ಡ ನಷ್ಟ ತಡೆಯಲು ಬೇಕಾದದ್ದೆಷ್ಟು? ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಗೆ 250. ಜೀವಮಾನದ ಅಗತ್ಯವೆಲ್ಲ ಸೇರಿಸಿದರೂ ಒಂದು ಟೀ ಚಮಚ ತುಂಬದು.

ಅಯೋಡಿನ್ ಕಣ್ಣಿಗೆ ಬಿದ್ದದ್ದು 1811ರಲ್ಲಿ. ಫ್ರಾನ್ಸಿನಲ್ಲಿ ಸಿಡಿಮದ್ದಿನ ಪೆಟ್ಲುಪ್ಪು ತಯಾರಿಸುತ್ತಿದ್ದ ಬರ್ನಾರ್ಡ್ ಕೂರ್ತ್ವಾ ಕಡಲಕಳೆಯ ಬೂದಿಯಿಂದ ನೇರಳೆ ಬಣ್ಣದ ಹೊಗೆ ಏಳುವುದನ್ನು ಕಂಡ. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡದ, ಅಂದರೆ ಥೈರಾಯ್ಡ್ ಊದಿ ಗಂಟಲಲ್ಲಿ ಗಡ್ಡೆಯಾದ, ರೋಗಿಗಳಿಗೆ ಕೊಟ್ಟ. ಗಂಟಲ ಗಡ್ಡೆ ಕರಗಿತು. ಪ್ರಮಾಣ ಹೆಚ್ಚಾಗಿ ತೊಂದರೆಯೂ ಆಯಿತು, ವೈದ್ಯರು ಹೆದರಿ ಹಿಂದೆ ಸರಿದರು. ಅಯೋಡಿನ್ ಉಪ್ಪು ಜನರಿಗೆ ಸಿಗಲು ಆದ ನೂರು ವರ್ಷದ ತಡಕ್ಕೆ ಈ ಹೆದರಿಕೆ ದೊಡ್ಡ ಕಾರಣ.

ಆ ನೂರು ವರ್ಷ ಆಲ್ಪ್ಸ್ ಬೆಟ್ಟದ ಕಣಿವೆಗಳಲ್ಲಿ ಕ್ರೆಟಿನಿಸಂ ಇದ್ದೇ ಇತ್ತು. ಹಿಮನದಿಗಳು, ಮಳೆ ಸೇರಿ ಅಲ್ಲಿನ ಮಣ್ಣಿನ ಅಯೋಡಿನ್ ತೊಳೆದುಹಾಕಿದ್ದವು. ಮಣ್ಣಿನಲ್ಲಿಲ್ಲದ್ದು ಬೆಳೆಯಲ್ಲಿಲ್ಲ, ಹಸುವಿನ ಹಾಲಿನಲ್ಲೂ ಇಲ್ಲ. 1918ರಲ್ಲಿ ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತ್ಯದ ಹಳ್ಳಿ ವೈದ್ಯ ಒಟ್ಟೊ ಬಯಾರ್ಡ್ ಉಪ್ಪಿಗೆ ಅತಿ ಸಣ್ಣ ಪ್ರಮಾಣದ ಅಯೋಡೈಡ್ ಬೆರೆಸಿ ಕೆಲವು ಕುಟುಂಬಗಳಿಗೆ ಕೊಟ್ಟು ನೋಡಿದ. ಗಡ್ಡೆ ಇಳಿಯಿತು, ಯಾರಿಗೂ ಕೇಡಾಗಲಿಲ್ಲ. ಹೆರಿಸಾವ್ ಪಟ್ಟಣದ ಶಸ್ತ್ರವೈದ್ಯ ಹಾನ್ಸ್ ಎಗ್ಗೆನ್‌ಬರ್ಗರ್ ಊರೂರಿಗೆ ಹೋಗಿ ಭಾಷಣ ಮಾಡಿದ, ಜನರಿಂದ ಸಹಿ ಹಾಕಿಸಿದ. 1922ರಲ್ಲಿ ಅವನ ಪ್ರಾಂತ್ಯದ ಸರ್ಕಾರ ಅಯೋಡಿನ್ ಉಪ್ಪಿನ ಮಾರಾಟಕ್ಕೆ ಒಪ್ಪಿತು. ಹಳ್ಳಿಯಲ್ಲಿ ಮನೆಮನೆ ತಿರುಗಿ ಒಪ್ಪಿಸುವ ಕೆಲಸ ಎಷ್ಟು ಕಷ್ಟವೆಂದು ಬಲ್ಲ ನನಗೆ ಈ ವೈದ್ಯರಿಬ್ಬರ ಮೇಲೆ ಅಪಾರ ಪ್ರೀತಿ.

ಭಾರತದ ಕಥೆ ಹಿಮಾಲಯದಲ್ಲಿ ಶುರುವಾಗುತ್ತದೆ. ಬ್ರಿಟಿಷ್ ವೈದ್ಯ ರಾಬರ್ಟ್ ಮೆಕ್ಯಾರಿಸನ್ ಗಿಲ್ಗಿಟ್, ಚಿತ್ರಾಲ್ ಕಣಿವೆಗಳಲ್ಲಿ ಕಂಡ ಕ್ರೆಟಿನಿಸಂ ರೋಗಿಗಳ ಬಗ್ಗೆ 1908ರಲ್ಲಿ ವಿವರವಾಗಿ ಬರೆದ. ಕೊಳೆ ನೀರೇ ಕಾರಣವೆಂಬುದು ಅವನ ಅನುಮಾನ. ಅದನ್ನು ಪರೀಕ್ಷಿಸಲು ಆ ನೀರು ಸೋಸಿದ ಗಸಿಯನ್ನು ತಾನೇ ಕುಡಿದು ನೋಡಿದ್ದ. ಮುಂದೆ ನೀಲಗಿರಿಯ ಕೂನೂರಿನಲ್ಲಿ ಅವನು ಕಟ್ಟಿದ ಪೋಷಣಾ ಸಂಶೋಧನಾಲಯದಲ್ಲೇ ಆಂಧ್ರದ ಶ್ರೀಕಾಕುಳಂನ ವುಲಿಮಿರಿ ರಾಮಲಿಂಗಸ್ವಾಮಿ ವೃತ್ತಿ ಆರಂಭಿಸಿದರು. ಮೆಕ್ಯಾರಿಸನ್ ಅರ್ಧಕ್ಕೆ ಬಿಟ್ಟ ಪ್ರಶ್ನೆಗೆ ಉತ್ತರ ಕಂಡುಕೊಟ್ಟವರು ಇವರೇ.

1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಮೂರು ವಲಯಗಳಾಗಿ ವಿಂಗಡಿಸಿದರು. ಒಂದಕ್ಕೆ ಪೊಟ್ಯಾಶಿಯಂ ಅಯೋಡೈಡ್ ಬೆರೆಸಿದ ಉಪ್ಪು, ಇನ್ನೊಂದಕ್ಕೆ ಪೊಟ್ಯಾಶಿಯಂ ಅಯೋಡೇಟ್ ಬೆರೆಸಿದ್ದು, ನಡುವಿನದಕ್ಕೆ ಬರಿ ಉಪ್ಪು. ಐದಾರು ವರ್ಷಗಳಲ್ಲಿ ಶಾಲೆ ಮಕ್ಕಳ ಗಳಗಂಡ ಮೊದಲೆರಡು ವಲಯಗಳಲ್ಲಿ ಗಣನೀಯವಾಗಿ ಇಳಿಯಿತು, ಬರಿ ಉಪ್ಪಿನ ವಲಯದಲ್ಲಿ ಇಳಿಯಲಿಲ್ಲ. ಆಮೇಲೆ ಅವರಿಗೂ ಅಯೋಡಿನ್ ಉಪ್ಪು ಕೊಡಲಾಯಿತು. ನಮ್ಮ ದೇಶದ ಉಪ್ಪು ಒರಟು, ತೇವ ಹೀರುವಂಥದ್ದು. ಅಂಥ ಉಪ್ಪಿನಲ್ಲಿ ಅಯೋಡೈಡ್ ಹಾರಿಹೋಗುತ್ತದೆ, ಅಯೋಡೇಟ್ ನಿಲ್ಲುತ್ತದೆ. ಇಂದಿಗೂ ನಮ್ಮ ಉಪ್ಪಿಗೆ ಬೆರೆಸುವುದು ಅಯೋಡೇಟನ್ನೇ.

ಕಾಂಗ್ರಾದ ಫಲವಾಗಿ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಆದರೆ ಹೆಸರೇ ಹೇಳುವಂತೆ ಅದರ ಕಣ್ಣು ಗಂಟಲ ಮೇಲಿತ್ತು, ಮಿದುಳಿನ ಮೇಲಲ್ಲ. ಉಪ್ಪು ಹೋದದ್ದೂ ಹಿಮಾಲಯದ ಸೆರಗಿಗೆ ಮಾತ್ರ. ದೃಷ್ಟಿ ಬದಲಿಸಿದ್ದು ಪಪುವಾ ನ್ಯೂ ಗಿನಿಯ ಒಂದು ಪ್ರಯೋಗ. ಗರ್ಭ ಧರಿಸುವ ಮೊದಲೇ ಹೆಂಗಸರಿಗೆ ಅಯೋಡಿನ್ ಬೆರೆತ ಎಣ್ಣೆಯ ಚುಚ್ಚುಮದ್ದು ಕೊಟ್ಟರೆ ಕ್ರೆಟಿನಿಸಂ ತಡೆಯಬಹುದೆಂದು ಬೇಸಿಲ್ ಹೆಟ್ಜೆಲ್ ಮತ್ತು ಜೊತೆಗಾರರು 1971ರಲ್ಲಿ ತೋರಿಸಿಕೊಟ್ಟರು. ಗಡ್ಡೆ ಹೊರಗಿನ ಕುರುಹಷ್ಟೇ, ನಿಜವಾದ ಹಾನಿ ಆಗುವುದು ಮಿದುಳಿಗೆ ಎಂಬ ಅರಿವು ಗಟ್ಟಿಯಾಯಿತು. 1983ರಲ್ಲಿ ಖಾಸಗಿಯವರಿಗೂ ಅಯೋಡಿನ್ ಉಪ್ಪು ತಯಾರಿಸಲು ಅನುಮತಿ ಸಿಕ್ಕಿತು, ಟಾಟಾ ಉಪ್ಪಿನ ಪ್ಯಾಕೆಟ್ ಅಂಗಡಿಗೆ ಬಂದದ್ದೂ ಅದೇ ವರ್ಷ. ದೇಶದ ಎಲ್ಲ ಅಡುಗೆ ಉಪ್ಪಿಗೂ ಅಯೋಡಿನ್ ಸೇರಿಸುವ ತೀರ್ಮಾನವಾದದ್ದು 1984ರಲ್ಲಿ. 1992ರಲ್ಲಿ ಕಾರ್ಯಕ್ರಮದ ಹೆಸರಿನಿಂದ ಗಳಗಂಡ ಹೋಗಿ ಅಯೋಡಿನ್ ಕೊರತೆಯ ರೋಗಗಳು ಎಂದಾಯಿತು.

ಇನ್ನು ನಮ್ಮ ಸೀಮೆಯ ವಿಚಾರ. ನನ್ನ ತವರು ಗೋಕರ್ಣದ ಹತ್ತಿರ. ಅಘನಾಶಿನಿಯ ಅಳಿವೆಯ ಪಕ್ಕ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಭರತದ ನೀರನ್ನು ಒಳಗೆ ಬಿಟ್ಟು, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸಿ, ಬಿಸಿಲಿಗೆ ಇಂಗಿಸಿ, ಕೆಂಚು ಬಣ್ಣದ ಕಲ್ಲುಪ್ಪನ್ನು ಗೋರಿ ರಾಶಿ ಹಾಕುವುದು ಅಲ್ಲಿನವರ ಕುಲಕಸುಬು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಕರಾವಳಿ ಇದು. ಉಪ್ಪಿನ ಜೊತೆ ನಮ್ಮವರಿಗೆ ಅಭಿಮಾನದ ನಂಟಿದೆ. ಘಟ್ಟದ ಮೇಲಿನ ಅಡಿಕೆ, ಮೆಣಸು ಕೆಳಗಿಳಿದರೆ ಕರಾವಳಿಯ ಉಪ್ಪು ಎತ್ತಿನ ಬೆನ್ನ ಮೇಲೆ ಘಟ್ಟ ಹತ್ತುತ್ತಿತ್ತು. ನಾನು ಘಟ್ಟದ ಮೇಲೆ ಕೆಲಸಕ್ಕೆ ಸೇರಿದ ಮೇಲೆ ಆ ಉಪ್ಪಿನ ಇನ್ನೊಂದು ತುದಿ ನೋಡಿದೆ. ಒಲೆಯ ಪಕ್ಕದ ಮರದ ಮರಿಗೆಯಲ್ಲಿ ಕಲ್ಲುಪ್ಪು ತುಂಬಿಟ್ಟಿರುತ್ತಿದ್ದರು. ಮಳೆಗಾಲದಲ್ಲಿ ಅದು ನೀರೊಡೆದು ತೊಟ್ಟಿಕ್ಕುತ್ತಿತ್ತು. ಕೆಲವರು ಅದನ್ನು ಕರಗಿಸಿ, ಸೋಸಿ, ಕಾಸಿ ಬಿಳಿ ಮಾಡಿಕೊಳ್ಳುತ್ತಿದ್ದರು.

ಚಿಕ್ಕಮಗಳೂರು, ಕೊಡಗು ಗಳಗಂಡ ಹೆಚ್ಚಿರುವ ಜಿಲ್ಲೆಗಳ ಪಟ್ಟಿಯಲ್ಲಿವೆ. ಇಲ್ಲಿಯೂ ಧಾರಾಕಾರ ಮಳೆ, ಇಲ್ಲಿಯೂ ತೊಳೆದುಹೋದ ಮಣ್ಣು. ಆದರೆ ಕಲ್ಲುಪ್ಪು ಸಾಲದೆಂದು ಮನೆಯವರನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಒಬ್ಬ ಅಜ್ಜಿ ಕೇಳಿದ್ದರು: "ಅಲ್ಲ ಮಾರಾಯ್ತಿ, ಇದು ಸಮುದ್ರದಿಂದ ಬಂದದ್ದಲ್ವಾ? ಸಮುದ್ರದಲ್ಲಿ ಇಲ್ಲದ್ದು ಏನುಂಟು?" ಅವರ ತರ್ಕದಲ್ಲಿ ತಪ್ಪಿಲ್ಲ. ಸಮುದ್ರದಲ್ಲಿ ಅಯೋಡಿನ್ ಇದೆ, ಮೀನಿನಲ್ಲಿದೆ, ಕಡಲಕಳೆಯಲ್ಲಿ ಧಾರಾಳವಾಗಿದೆ. ಆದರೆ ಬಿಸಿಲಿಗೆ ಒಣಗಿಸಿದ ಉಪ್ಪಿನಲ್ಲಿ ಉಳಿಯುವುದು ತೀರಾ ಅಲ್ಪ, ಮಿದುಳಿಗೆ ಸಾಲದು.

ಮಾತಿಗಿಂತ ಕೆಲಸ ಮಾಡುತ್ತಿದ್ದದ್ದು ಉಪ್ಪು ಪರೀಕ್ಷೆಯ ಕಿಟ್. ಒಂದು ಪುಟ್ಟ ಕಪ್, ದ್ರಾವಣದ ಸೀಸೆಗಳು, ಬಣ್ಣದ ಪಟ್ಟಿ. ಕಪ್ಪಿಗೆ ಉಪ್ಪು ತುಂಬಿ ಮಟ್ಟ ಮಾಡಿ ಎರಡು ಹನಿ ಹಾಕಿದರೆ, ಅಯೋಡಿನ್ ಇದ್ದಲ್ಲಿ ನಿಮಿಷದೊಳಗೆ ನೇರಳೆ ಕಲೆ ಏಳುತ್ತದೆ. ತೆಳು ಬಣ್ಣವಾದರೆ ಕಡಿಮೆ, ಗಾಢವಾದರೆ ಸಾಕಷ್ಟು. ಬಣ್ಣ ಬಾರದಿದ್ದರೆ ಇನ್ನೊಂದು ಸೀಸೆಯ ದ್ರಾವಣ ಹಾಕಿ ಮತ್ತೊಮ್ಮೆ ನೋಡಬೇಕು, ಏಕೆಂದರೆ ಕೆಲವು ಉಪ್ಪಿನ ಕ್ಷಾರಗುಣ ಬಣ್ಣವನ್ನು ತಡೆಯುತ್ತದೆ. ಆ ಅಜ್ಜಿಯ ಮರಿಗೆಯ ಉಪ್ಪು ಎರಡು ಸಲಕ್ಕೂ ಬಿಳಿಯಾಗಿಯೇ ಉಳಿಯಿತು, ಸೊಸೆ ಅಂಗಡಿಯಿಂದ ತಂದ ಪ್ಯಾಕೆಟ್ಟಿನದು ಅಚ್ಚ ನೇರಳೆಯಾಯಿತು. ಅಜ್ಜಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಹಾಗಾದ್ರೆ ಬಸುರಿ ಹೆಂಗಸಿನ ಅಡುಗೆಗೆ ಇದೇ ಆಗಬೇಕು" ಎಂದರು. ನಾನು ಹೇಳಬೇಕಾದದ್ದನ್ನು ಅವರೇ ಹೇಳಿದ್ದರು.

ಮನೆಗೆ ಬರುವಾಗ ಉಪ್ಪಿನಲ್ಲಿ ದಶಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು ಎಂಬುದು ನಿಯಮ. ಹತ್ತು ಗ್ರಾಂ ಉಪ್ಪಿನಲ್ಲಿ 150 ಮೈಕ್ರೋಗ್ರಾಂ ಸಿಗಲಿ ಎಂಬ ಲೆಕ್ಕ ಇದು.

ಈ ವ್ಯವಸ್ಥೆ ಒಮ್ಮೆ ಕೈತಪ್ಪಿತ್ತು. 1990ರ ದಶಕದ ಕೊನೆಗೆ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಬಾರದೆಂದು ಕೇಂದ್ರ ಸರ್ಕಾರ ನಿಷೇಧ ತಂದಿತು. ಸಣ್ಣ ಉತ್ಪಾದಕರ ಹೊಟ್ಟೆಪಾಡು, ಗಾಂಧೀಜಿಯವರ ಉಪ್ಪು, ಕೊಳ್ಳುವವರ ಆಯ್ಕೆಯ ಸ್ವಾತಂತ್ರ್ಯ ಎಂಬ ವಾದಗಳು ಎದ್ದವು. 2000ದಲ್ಲಿ ನಿಷೇಧ ತೆರವಾಯಿತು. ಮತ್ತೆ 2005ರಲ್ಲಿ ಆದೇಶ ಹೊರಟು, 2006ರ ಮೇ 17ರಿಂದ ಜಾರಿಗೆ ಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ರೂಪಿಸಿದ್ದ ಕಾನೂನಿನ ಆಧಾರ ಸರಿಯಿಲ್ಲವೆಂದಾಗ, ಹೊಸ ಆಹಾರ ಸುರಕ್ಷತಾ ನಿಯಮಗಳಡಿ ಅದನ್ನು ಉಳಿಸಿಕೊಳ್ಳಲಾಯಿತು. ಉಪ್ಪಿನ ಆಗರದ ಊರಿನ ಮಗಳಾಗಿ ಆ ಕಸುಬಿನವರ ನೋವು ನನಗೆ ಗೊತ್ತು. ಅವರಿಗೆ ಬೇಕಾದದ್ದು ಅಯೋಡಿನ್ ಸೇರಿಸುವ ಯಂತ್ರ, ಬೆಲೆ, ಬೆಂಬಲ. ಹುಟ್ಟಲಿರುವ ಮಗು ತನ್ನ ಉಪ್ಪನ್ನು ತಾನೇ ಆರಿಸಿಕೊಳ್ಳಲಾರದು. ಹಾಗಾಗಿ ಇದನ್ನು ಕೊಳ್ಳುವವರ ಇಷ್ಟಕ್ಕೆ ಬಿಡಬಾರದು ಎಂಬುದು ನನ್ನ ಗಟ್ಟಿ ನಿಲುವು.

2018–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಶೇ 76.3ರಷ್ಟು ಮನೆಗಳ ಉಪ್ಪಿನಲ್ಲಿ ಸಾಕಷ್ಟು ಅಯೋಡಿನ್ ಇತ್ತು. ಉಳಿದ ಕಾಲುಭಾಗ ಸಣ್ಣದಲ್ಲ. ಈಗ ಪೇಟೆಯ ಮನೆಗಳಿಗೆ ಗುಲಾಬಿ ಬಣ್ಣದ ಉಪ್ಪು ಬರುತ್ತಿದೆ, ಆರೋಗ್ಯಕ್ಕೆ ಒಳ್ಳೆಯದೆಂದು ದುಬಾರಿ ಬೆಲೆ ಕೊಡುತ್ತಾರೆ. ಬೇರೆಯಾಗಿ ಸೇರಿಸದ ಹೊರತು ಅದರಲ್ಲಿಯೂ ಅಗತ್ಯದಷ್ಟು ಅಯೋಡಿನ್ ಇರುವುದಿಲ್ಲ. ರಕ್ತದೊತ್ತಡಕ್ಕಾಗಿ ಉಪ್ಪು ಕಡಿಮೆ ಮಾಡಿ ಎಂದು ನಾನೂ ಹೇಳುತ್ತೇನೆ. ಆದರೆ ತಿನ್ನುವಷ್ಟು ಉಪ್ಪು ಅಯೋಡಿನ್ ಇರುವುದೇ ಆಗಿರಲಿ. ಪ್ಯಾಕೆಟ್ಟಿನ ಮೇಲೆ ನಗುವ ಸೂರ್ಯನ ಗುರುತು ನೋಡಿ ಕೊಳ್ಳಿ, ಒಲೆಯಿಂದ ದೂರ ಮುಚ್ಚಳದ ಡಬ್ಬಿಯಲ್ಲಿಡಿ, ಅಂಗನವಾಡಿಯ, ಬಿಸಿಯೂಟದ ಉಪ್ಪು ಯಾವುದೆಂದು ಕೇಳಿ. ಮಗುವಿನ ಮಿದುಳು ಕಟ್ಟುವ ಕೆಲಸ ತಾಯಿಗೆ ಮುಟ್ಟು ನಿಂತದ್ದು ಖಾತ್ರಿಯಾಗುವ ಹೊತ್ತಿಗೇ ಶುರುವಾಗಿರುತ್ತದೆ. ಆದ್ದರಿಂದ ಹೊಸದಾಗಿ ಸಂಸಾರ ಹೂಡುವ ಪ್ರತಿ ಮನೆಯ ಮೊದಲ ದಿನಸಿ ಚೀಟಿಯಲ್ಲೇ ಅಯೋಡಿನ್ ಉಪ್ಪು ಎಂದು ಬಿಡಿಸಿ ಬರೆಯಬೇಕು.