ಮರಾಯಸ್ ದಂಡೆಯ ಹೆಣಗಳನ್ನು ಎಣಿಸಿದವರು ಯಾರು?

1870ರ ಜನವರಿ 23. ಅಮೆರಿಕದ ಮೊಂಟಾನಾದಲ್ಲಿ ಮರಾಯಸ್ ನದಿ ದಂಡೆಯ ಬಿಡಾರವೊಂದು ಮೂಳೆ ಕೊರೆಯುವ ಚಳಿಯಲ್ಲಿ ಮಲಗಿತ್ತು. ಬ್ಲ್ಯಾಕ್‌ಫೀಟ್ ಬುಡಕಟ್ಟಿನ ಆ ಗುಡಾರಗಳ ಒಳಗೆ ಸಿಡುಬು ಹರಡಿತ್ತು. ಗಟ್ಟಿಮುಟ್ಟಾದ ಗಂಡಸರಲ್ಲಿ ಹೆಚ್ಚಿನವರು ಬೇಟೆಗೆ ಹೋಗಿದ್ದರು. ಬೆಳಗಿನ ಜಾವ ಮೇಜರ್ ಯೂಜೀನ್ ಬೇಕರ್‌ನ ಪಡೆ ದಿಬ್ಬದ ಮೇಲಿಂದ ಬಂದೂಕು ಗುರಿಯಿಟ್ಟು ನಿಂತಿತು.

ಸೇನೆ ಹುಡುಕುತ್ತಿದ್ದದ್ದು ಮೌಂಟನ್ ಚೀಫ್ ಎಂಬ ನಾಯಕನ ಗುಂಪನ್ನು. ಹಿಂದಿನ ವರ್ಷ ಮಾಲ್ಕಮ್ ಕ್ಲಾರ್ಕ್ ಎಂಬ ಬಿಳಿಯ ವ್ಯಾಪಾರಿಯನ್ನು ಕೊಂದವರು ಅಲ್ಲಿದ್ದಾರೆಂಬುದು ಕಾರಣ. ಆದರೆ ಈ ಬಿಡಾರ ಹೆವಿ ರನ್ನರ್‌ನದು. ಸರ್ಕಾರದೊಂದಿಗೆ ಸ್ನೇಹದಿಂದಿದ್ದವನು. ದಾರಿ ತೋರಿಸಲು ಬಂದಿದ್ದ ಜೋ ಕಿಪ್, ಇದು ಬೇರೆ ಬಿಡಾರ ಎಂದು ಹೇಳಿದರೂ ಬೇಕರ್ ಕಿವಿಗೊಡಲಿಲ್ಲ. ಸರ್ಕಾರ ಕೊಟ್ಟಿದ್ದ ಅಭಯಪತ್ರ ಹಿಡಿದು ಹೊರಬಂದ ಹೆವಿ ರನ್ನರ್‌ಗೆ ಗುಂಡು ಬಿತ್ತು.

ಸತ್ತವರು 173, ಅದರಲ್ಲಿ ಹೆಂಗಸರು ಮತ್ತು ಮಕ್ಕಳು 53 ಎಂದಿತು ಸೇನೆಯ ಲೆಕ್ಕ. ತಾನೇ ಎಣಿಸಿದ ಹೆಣಗಳು 217 ಎಂದು ಕಿಪ್ ಎಷ್ಟೋ ವರ್ಷಗಳ ನಂತರ ಹೇಳಿಕೆ ಕೊಟ್ಟ. ಸತ್ತವರಲ್ಲಿ ಬಹುಪಾಲು ಹೆಂಗಸರು, ಮಕ್ಕಳು, ಮುದುಕರು ಎಂಬುದು ಬದುಕುಳಿದವರ ಮಾತು. ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಬುಡಕಟ್ಟುಗಳ ಆಡಳಿತವನ್ನು ಸೇನೆಯ ಕೈಗೆ ಕೊಡುವ ಪ್ರಸ್ತಾಪ ಸಂಸತ್ತಿನಲ್ಲಿ ಬಿದ್ದುಹೋಯಿತು. ಬೇಕರ್‌ಗೆ ಮಾತ್ರ ಶಿಕ್ಷೆಯಾಗಲಿಲ್ಲ.

ಇಂಥ ಘಟನೆಯನ್ನು ಕಾದಂಬರಿಕಾರ ಎಲ್ಲಿ ನಿಂತು ನೋಡಬೇಕು? ಗಡಿನಾಡಿನ ಜನಪ್ರಿಯ ಕಾದಂಬರಿಗಳು ಬಹುಕಾಲ ಕುದುರೆ ಸವಾರರ ಬೆನ್ನ ಹಿಂದೆ ನಿಂತವು. 1964ರಲ್ಲಿ ಥಾಮಸ್ ಬರ್ಜರ್ ಬರೆದ 'ಲಿಟಲ್ ಬಿಗ್ ಮ್ಯಾನ್' ಆ ವೀರಗಾಥೆಯನ್ನು ಗೇಲಿ ಮಾಡಿತು. ಆದರೂ ಕತೆ ಹೇಳುವವನು ಷೆಯೆನ್ ಜನರ ನಡುವೆ ಬೆಳೆದ ಬಿಳಿಯನೇ.

1986ರಲ್ಲಿ ಬಂದ ಜೇಮ್ಸ್ ವೆಲ್ಚ್ ಅವರ 'ಫೂಲ್ಸ್ ಕ್ರೋ' ಗುಡಾರದ ಒಳಗೇ ಕೂತು ಮಾತಾಡಿತು. ವೆಲ್ಚ್ ಬ್ಲ್ಯಾಕ್‌ಫೀಟ್ ಮತ್ತು ಗ್ರೋ ವಾಂತ್ರ್ ಮೂಲದವರು. ಅವರ ಮುತ್ತಜ್ಜಿ ಮರಾಯಸ್‌ನಲ್ಲಿ ಬದುಕುಳಿದವರಲ್ಲೊಬ್ಬಳು. ಅವರ ಇಂಗ್ಲಿಷ್‌ನಲ್ಲಿ ಕಾಡೆಮ್ಮೆ 'ಕಪ್ಪುಕೊಂಬು', ಸಿಡುಬು 'ಬಿಳಿಹಕ್ಕಳೆ', ಸೈನಿಕರು 'ಹಿಡಿಯುವವರು'. ಓದುತ್ತ ಹೋದಂತೆ ಬಿಳಿಯರೇ ಪರಕೀಯರಾಗಿ ಕಾಣತೊಡಗುತ್ತಾರೆ.

ಹತ್ಯಾಕಾಂಡವನ್ನು ವೆಲ್ಚ್ ಪುಸ್ತಕದ ಕೊನೆಯವರೆಗೂ ತಡೆದಿಡುತ್ತಾರೆ. ಅಷ್ಟರಲ್ಲಿ ಈ ಜನರ ಮದುವೆ, ಬೇಟೆ, ಜಗಳ, ಅಸೂಯೆ, ಕನಸು ಎಲ್ಲವೂ ನಮಗೆ ಪರಿಚಯವಾಗಿರುತ್ತದೆ. ನಾಯಕ ಆ ಜಾಗಕ್ಕೆ ತಲುಪುವುದು ಗುಂಡಿನ ಸದ್ದು ಅಡಗಿದ ಮೇಲೆ. ಯುದ್ಧದ ರೋಚಕತೆಗೆ ಅಲ್ಲಿ ಜಾಗವೇ ಇಲ್ಲ. ಹಿಮ, ಸುಟ್ಟ ಗುಡಾರಗಳು, ಉಳಿದವರ ಮಾತು, ಇಷ್ಟೇ.

ಸಾವಿನ ಸುದ್ದಿ ಬರೆಯುವಾಗ ನಾವು ಮೊದಲು ಕೇಳುವುದು ಅಧಿಕಾರಿಗಳ ಸಂಖ್ಯೆಯನ್ನು. ಅದು ಬೇಕು. ಆದರೆ ಎಣಿಸಿದವನು ಯಾವ ದಿಬ್ಬದ ಮೇಲೆ ನಿಂತಿದ್ದ ಎಂಬುದನ್ನೂ ಬರೆಯಬೇಕಾಗುತ್ತದೆ. ಮರಾಯಸ್‌ನ ವಿಷಯದಲ್ಲಿ ಸೇನೆಯ ವರದಿ ಆ ಕೆಲಸ ಮಾಡಲಿಲ್ಲ. 116 ವರ್ಷಗಳ ನಂತರ ಒಂದು ಕಾದಂಬರಿ ಮಾಡಿತು.